ಪ್ರತಿಭೆ ಒಬ್ಬರದು, ಗಂಟು ಯಾರದು?

ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗನಿಗೆ ಮೊದಮೊದಲು ಗ್ರಾಮಫೋನ್ ತಟ್ಟೆಗಳೇ ಗುರು. ದೊಡ್ಡ ಗವಾಯಿಗಳ ಹಾಡನ್ನು ಒಮ್ಮೆ ಕೇಳಿದರೆ ಸಾಕು, ತಾನ, ತಿರುವು, ದನಿಯ ಏರಿಳಿತ ಸಮೇತ ಹಾಡಿಬಿಡುತ್ತಿದ್ದ. ಏಳರ ವಯಸ್ಸಿನಲ್ಲಿ ಮಠವೊಂದರ ಸ್ವಾಮಿಗಳು ಅವನನ್ನು ‘ಕುಮಾರ ಗಂಧರ್ವ’ ಎಂದು ಕರೆದರು. ತಂದೆ ಮಗನನ್ನು ಕರೆದುಕೊಂಡು ಊರೂರಿಗೆ ಹೋಗಿ ಕಚೇರಿ ಮಾಡಿಸಿದರು. ಜನ ಮುಗಿಬಿದ್ದು ಕೇಳಿದರು.

ಆ ಕಚೇರಿಗಳಲ್ಲಿ ಜನ ಬೆರಗಾದದ್ದು ಹುಡುಗನ ಅನುಕರಣೆಗೆ. ಅವನ ಸ್ವಂತ ಸಂಗೀತ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಲು 1936ರಲ್ಲಿ ಅವನು ಮುಂಬೈಗೆ ಹೋಗಿ ಪ್ರೊ. ಬಿ.ಆರ್. ದೇವಧರರ ಬಳಿ ಕಲಿಯಬೇಕಾಯಿತು. ಕೇಳಿದ್ದನ್ನು ಒಪ್ಪಿಸುತ್ತಿದ್ದ ಬಾಲಕ ಮುಂದೆ ಯಾರ ಪಡಿಯಚ್ಚೂ ಅಲ್ಲದ ಗಾಯಕನಾದ. ಕ್ಷಯ ಬಂದು ವರ್ಷಗಟ್ಟಲೆ ಹಾಡು ನಿಂತಾಗಲೂ ಆ ಕಲಿಕೆ ಅವರ ಜೊತೆಗಿತ್ತು. 1990ರಲ್ಲಿ ಪದ್ಮವಿಭೂಷಣ ಬಂತು. ಇಂದು ಬೆಳಗಾವಿಯ ರಂಗಮಂದಿರಕ್ಕೆ ಅವರದೇ ಹೆಸರು.

ತನ್ನ ಪರವಾಗಿ ತಾನೇ ಮಾತಾಡಲಾಗದ ವ್ಯಕ್ತಿಯ ಅಪೂರ್ವ ಪ್ರತಿಭೆಯಿಂದ ಇನ್ನೊಬ್ಬರು ಗಳಿಸುವುದು ಸರಿಯೇ? ಕುಮಾರರ ಬಾಲ್ಯದ ಕಚೇರಿಗಳು ಎತ್ತುವ ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ನೂರು ವರ್ಷಗಳಲ್ಲಿ ಗಳಿಸುವವರು ಬದಲಾಗಿದ್ದಾರೆ. ಮೊದಲು ನಾಟಕ ಕಂಪನಿ, ಆಮೇಲೆ ಕುಟುಂಬ, ಮಠ, ಸರ್ಕಾರ, ಟಿವಿ, ಈಗ ಮೊಬೈಲು.

ಕಂಪನಿಯ ಅನ್ನ

ಹೆಂಗಸರು ರಂಗಕ್ಕೆ ಬಾರದ ಕಾಲದಲ್ಲಿ ನಾಟಕ ಕಂಪನಿಗಳಿಗೆ ಇಂಪಾದ ದನಿಯ ಹುಡುಗರು ಬೇಕೇಬೇಕಿತ್ತು. ಬೆಳಗಾವಿ ಸೀಮೆಯ ಕೊಣ್ಣೂರು ಕಂಪನಿಯಿಂದ ದಕ್ಷಿಣದ ಗುಬ್ಬಿ ಕಂಪನಿಯವರೆಗೆ ಬಡವರ ಮಕ್ಕಳಿಗೆ ಕಂಪನಿಯೇ ಮನೆ, ಶಾಲೆ, ಅನ್ನ. ಗುಬ್ಬಿ ವೀರಣ್ಣನವರೇ ಎಳೆಯ ವಯಸ್ಸಿನಲ್ಲಿ ಕಂಪನಿ ಸೇರಿದವರು. ಮಲ್ಲಿಕಾರ್ಜುನ ಮನ್ಸೂರರೂ ಬಾಲನಟರಾಗಿದ್ದರು. ರಂಗದ ಮೇಲೆ ಅವರ ಹಾಡು ಕೇಳಿದ ಮಿರಜದ ನೀಲಕಂಠಬುವಾ ಶಿಷ್ಯನನ್ನಾಗಿ ಮಾಡಿಕೊಂಡರು.

ಹೀಗೆ ಗುರು ಸಿಕ್ಕವರ ಹೆಸರು ಉಳಿಯಿತು. ದನಿ ಒಡೆದ ಮೇಲೆ ಕಂಪನಿಗೆ ಬೇಡವಾದ ಹುಡುಗರ ಹೆಸರನ್ನು ಯಾರೂ ಬರೆದಿಡಲಿಲ್ಲ. ಕಂಪನಿ ಹೊಟ್ಟೆ ತುಂಬಿಸಿದ್ದು ನಿಜ. ಆದರೆ ಕಂಠದಿಂದ ಬಂದ ಕಲೆಕ್ಷನ್ನಿನಲ್ಲಿ ಹುಡುಗನ ಪಾಲೆಷ್ಟು ಎಂದು ಕೇಳುವ ರೂಢಿಯೇ ಇರಲಿಲ್ಲ.

ಮನೆಯೇ ಮಾಲೀಕ

ಬೆಂಗಳೂರಿನ ಶಕುಂತಲಾ ದೇವಿಯವರ ತಂದೆ ಸರ್ಕಸ್ಸಿನಲ್ಲಿದ್ದವರು. ಮಗಳ ಲೆಕ್ಕದ ಶಕ್ತಿ ಮೂರು ವರ್ಷಕ್ಕೇ ಕಂಡಾಗ ಸರ್ಕಸ್ ಬಿಟ್ಟು ಅವಳನ್ನೇ ಪ್ರದರ್ಶನಕ್ಕೆ ಕರೆದೊಯ್ದರು. ಮಗು ಮನೆಗೆ ಅನ್ನ ತರುವವಳಾದಳು, ಶಾಲೆ ಕಾಣಲಿಲ್ಲ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಜಗತ್ತಿಗೆಲ್ಲ ಗೊತ್ತು. ಬಾಲ್ಯದ ದುಡಿಮೆಗೆ ಮಾತ್ರ ಯಾರೂ ಲೆಕ್ಕ ಇಡಲಿಲ್ಲ.

ಇಂಥ ಒಡೆತನದ ಅತ್ಯಂತ ಕ್ರೂರ ರೂಪ ಕಂಡದ್ದು ಅಮೆರಿಕದಲ್ಲಿ. 1849ರಲ್ಲಿ ಜಾರ್ಜಿಯಾದಲ್ಲಿ ಗುಲಾಮನಾಗಿ ಹುಟ್ಟಿದ ಅಂಧ ಬಾಲಕ ಟಾಮ್ ವಿಗಿನ್ಸ್ ಒಮ್ಮೆ ಕೇಳಿದ ಸಂಗೀತವನ್ನು ಪಿಯಾನೊದಲ್ಲಿ ನುಡಿಸುತ್ತಿದ್ದ. ಅವನಿಗೆ ಆಟಿಸಂ ಇದ್ದಿರಬೇಕೆಂದು ಇಂದಿನ ಅನೇಕರ ಅಂದಾಜು. ಗುಲಾಮಗಿರಿ ಕಾನೂನಿನಿಂದ ಅಳಿದ ಮೇಲೂ ‘ಪಾಲಕತ್ವ’ದ ಹೆಸರಿನಲ್ಲಿ ಅವನು ಹಳೆಯ ಒಡೆಯರ ಕುಟುಂಬದ ಹಿಡಿತದಲ್ಲೇ ಉಳಿದ. ನ್ಯಾಯಾಲಯಗಳಲ್ಲಿ ಪಾಲಕರು ಬದಲಾದರು. 1908ರಲ್ಲಿ ಅವನು ಸಾಯುವವರೆಗೂ ಗಳಿಕೆ ಅವನ ಕೈಗೆ ಬರಲಿಲ್ಲ.

ಅಜ್ಜನ ತುಲಾಭಾರ

ಇದೇ ಕಾಲದಲ್ಲಿ ಉತ್ತರ ಕರ್ನಾಟಕ ಬೇರೊಂದು ದಾರಿ ಹುಡುಕಿತು. ಹಾನಗಲ್ಲ ಕುಮಾರ ಶಿವಯೋಗಿಗಳು ಅಂಧ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು, ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಅವರೂ ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು.

ಆಶ್ರಮವೂ ಪ್ರತಿಭೆಯಿಂದಲೇ ದುಡ್ಡು ಗಳಿಸಿತು. ಅದರ ನಾಟಕ ಕಂಪನಿ ಊರೂರಿನಲ್ಲಿ ಕ್ಯಾಂಪ್ ಹಾಕಿತು. ಭಕ್ತರು ತಕ್ಕಡಿಯ ಒಂದು ತಟ್ಟೆಯಲ್ಲಿ, ತಾವು ‘ಅಜ್ಜ’ ಎಂದೇ ಕರೆಯುತ್ತಿದ್ದ ಪುಟ್ಟರಾಜರನ್ನು ಕೂರಿಸಿ ಇನ್ನೊಂದಕ್ಕೆ ನಾಣ್ಯ ಸುರಿದರು. ಅವರ ಬಾಳಿನಲ್ಲಿ ಇಂಥ ತುಲಾಭಾರಗಳು ಸಾವಿರಾರು. ಆ ನಾಣ್ಯ ಆಶ್ರಮದ ಒಲೆಗೆ, ಕಲಿಯುವ ಮಕ್ಕಳ ತಾಟಿಗೆ ಹೋಯಿತು. ದುಡಿಯುವವರು, ಉಣ್ಣುವವರು, ನಡೆಸುವವರು ಒಂದೇ ಪಂಕ್ತಿಯಲ್ಲಿದ್ದರು. ಪ್ರದರ್ಶನಕ್ಕಿಂತ ಮೊದಲು ವರ್ಷಗಟ್ಟಲೆ ಪಾಠ ಇತ್ತು. ಬಸವರಾಜ ರಾಜಗುರು, ಎಂ. ವೆಂಕಟೇಶ ಕುಮಾರ್ ಈ ಪರಂಪರೆಯಿಂದಲೇ ಬಂದವರು. ಬೆಳಗಾವಿಯ ಶಿವಬಸವ ನಗರ ಹೆಸರು ಪಡೆದದ್ದು ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳಿಂದ. ಬಡ ವಿದ್ಯಾರ್ಥಿಗಳಿಗಾಗಿ ಅವರು ನಡೆಸಿದ ಉಚಿತ ಪ್ರಸಾದ ನಿಲಯವೂ ಇದೇ ನಂಬಿಕೆಯ ಇನ್ನೊಂದು ರೂಪ: ಮೊದಲು ಅನ್ನ, ಅಕ್ಷರ.

ರಕ್ತದಲ್ಲೇ ಓಟ ಎಂದವರು

1980ರ ದಶಕದ ಕೊನೆಯಲ್ಲಿ ಪ್ರತಿಭೆ ಹುಡುಕಲು ಸರ್ಕಾರವೇ ಹೊರಟಿತು. ಖಾನಾಪುರ, ಹಳಿಯಾಳ, ಯಲ್ಲಾಪುರ ಕಾಡುಗಳ ಸಿದ್ದಿ ಸಮುದಾಯ ಆಫ್ರಿಕಾ ಮೂಲದ್ದು. ಹಾಗಾಗಿ ಓಟ ಅವರ ರಕ್ತದಲ್ಲೇ ಇದೆ ಎಂಬ ಎಣಿಕೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕಮಲಾ ಬಾಬು ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥವರು ರಾಷ್ಟ್ರಮಟ್ಟದಲ್ಲಿ ಮಿಂಚಿದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಹಲವರು ಹಾಡಿಗೂ ಕೂಲಿಗೂ ಮರಳಿದರು.

ಇಲ್ಲಿ ಪ್ರಶ್ನೆ ಹಣದ್ದಲ್ಲ. ಸರ್ಕಾರ ಬಯಸಿದ ಲಾಭ ಪದಕ. ಪದಕದ ಆಸೆ ಇಂಗಿದಾಗ ಮಕ್ಕಳ ಮುಂದಿನ ಬದುಕಿಗೆ ಯೋಜನೆಯಲ್ಲಿ ಜಾಗವೇ ಇರಲಿಲ್ಲ.

ಟಿವಿಯ ಬೆಳಕು

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯ ಆದಿವಾಸಿ ಯುವಕ ರಾಜೇಶ್ ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ರಿಯಾಲಿಟಿ ಶೋ ಗೆದ್ದು ಮನೆಮಾತಾದ, ‘ಜಂಗಲ್ ಜಾಕಿ’ ಚಿತ್ರಕ್ಕೆ ನಾಯಕನಾದ. ಆಮೇಲೆ ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯಬೇಕಾಯಿತು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ. ಆ ಸಾವಿಗೆ ಒಬ್ಬರನ್ನು ಹೊಣೆ ಮಾಡುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ರಾತ್ರೋರಾತ್ರಿ ಖ್ಯಾತಿಗೆ ಏರಿದವನು ಅದರಿಂದ ಇಳಿಯುವಾಗ ಕೈ ಹಿಡಿಯುವವರು ಯಾರು ಎಂದು ಕರ್ನಾಟಕ ಅಂದು ಕೇಳಿಕೊಳ್ಳಬೇಕಿತ್ತು.

ಕಾನೂನು ಕಟ್ಟಿದ ಬೇಲಿ

ಅಮೆರಿಕದ ಬಾಲನಟ ಜಾಕಿ ಕೂಗನ್ ದುಡಿದದ್ದನ್ನೆಲ್ಲ ತಾಯಿ, ಮಲತಂದೆ ಖರ್ಚು ಮಾಡಿದ್ದು ಬಯಲಾದ ಮೇಲೆ 1939ರಲ್ಲಿ ಕ್ಯಾಲಿಫೋರ್ನಿಯಾ ಮಕ್ಕಳ ಗಳಿಕೆಯ ಒಂದು ಪಾಲನ್ನು ತೆಗೆದಿರಿಸುವ ಕಾನೂನು ತಂದಿತು. ಭಾರತದಲ್ಲಿ 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಸ್‌ನಲ್ಲಿ ಮಕ್ಕಳನ್ನು ಬಳಸದಂತೆ ಆದೇಶಿಸಿತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ ಸರ್ಕಸ್ ಹೊರತು ಮನರಂಜನೆ, ಕ್ರೀಡೆಗಳಲ್ಲಿ ಮಕ್ಕಳಿಗೆ ಅವಕಾಶ ಕೊಟ್ಟಿತು. 2017ರ ನಿಯಮಗಳು ಅದಕ್ಕೆ ಮಿತಿ ಹಾಕಿದವು: ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ಕೆಲಸವಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಗಳಿಕೆಯ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು.

ಆಟಿಸಂ, ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ನೇಮಕವಾದ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಟಾಮ್ ವಿಗಿನ್ಸ್‌ಗೆ ಸಿಗದ ರಕ್ಷಣೆ ಇದು.

ಈ ನಿಯಮಗಳನ್ನು ಬರೆದದ್ದು ನಿರ್ಮಾಪಕ, ಸೆಟ್ಟು, ಒಪ್ಪಂದ ಇರುವ ಲೋಕಕ್ಕಾಗಿ. ಅಡುಗೆಮನೆಯಲ್ಲಿ ಹಾಡುವ ಮಗುವನ್ನೋ ಅಂಗಳದಲ್ಲಿ ಚಿತ್ರ ಬಿಡಿಸುವ ಅಂಗವಿಕಲ ತಮ್ಮನನ್ನೋ ಮೊಬೈಲಿನಲ್ಲಿ ಹಿಡಿದು ಜಾಹೀರಾತಿನ ದುಡ್ಡು ಪಡೆಯುವಾಗ ಯಾರೂ ಅನುಮತಿ ಕೇಳುವುದಿಲ್ಲ. ಫ್ರಾನ್ಸ್ 2020ರಲ್ಲಿ 16 ವರ್ಷದೊಳಗಿನ ಇಂಥ ಮಕ್ಕಳ ಗಳಿಕೆಯನ್ನು ಕಾಯ್ದಿಡುವ ಕಾನೂನು ಮಾಡಿತು. ಅಮೆರಿಕದ ಇಲಿನಾಯ್ ರಾಜ್ಯದ ಕಾನೂನು 2024ರ ಜುಲೈನಿಂದ ಜಾರಿಯಲ್ಲಿದೆ. ನಮ್ಮಲ್ಲೂ ಬೇಕಿರುವುದು ಇದೇ. ಬಾಲಕಲಾವಿದರಿಗೆ ಅನುಮತಿ ಕೊಡುವುದೂ ನ್ಯಾಷನಲ್ ಟ್ರಸ್ಟ್‌ನ ಸ್ಥಳೀಯ ಸಮಿತಿಯನ್ನು ನಡೆಸುವುದೂ ಜಿಲ್ಲಾಡಳಿತದ್ದೇ ಕೆಲಸವಾದ್ದರಿಂದ ಅಂಥ ಕಾನೂನನ್ನು ಜಾರಿ ಮಾಡುವ ಹೊಣೆಯನ್ನೂ ಅದಕ್ಕೇ ಕೊಡಬಹುದು. ಹೊಸ ಕಾನೂನು ಬರುವವರೆಗೆ ಕಾಯದೆ, ಶಾಲೆಗಳು, ಪ್ರತಿಭಾ ಸ್ಪರ್ಧೆ ನಡೆಸುವ ಸಂಘಗಳು, ವಿಡಿಯೊ ಮಾಡುವ ಮನೆಯವರು ಈಗಲೇ ಎರಡು ಕೆಲಸ ಮಾಡಬಹುದು: ಬಂದ ಹಣದ ಪಾಲನ್ನು ಆ ವ್ಯಕ್ತಿಯ ಹೆಸರಿನ ಖಾತೆಗೆ ಹಾಕುವುದು, ಅವನೋ ಅವಳೋ ‘ಇವತ್ತು ಬ್ಯಾಡ’ ಎಂದ ದಿನ ಕ್ಯಾಮೆರಾ ಬಂದ್ ಮಾಡುವುದು.