ಶೇಂಗಾ ಹಿಂಡಿ ತಿಂದು ಬೆಳೆದ ಮೀನು

ಕೊಟ್ಟೂರಿನಲ್ಲಿ ನಮ್ಮದು ಗಾಣದ ಮನೆತನ. ಎಣ್ಣೆ ಪೇಟೆಗೆ ಹೋಗುತ್ತಿತ್ತು, ಹಿಂಡಿ ಎಮ್ಮೆಗಳಿಗೆ. ಆಮೇಲಾಮೇಲೆ ಹಡಗಲಿ, ಹರಪನಹಳ್ಳಿ ಕಡೆಯ ಕೆರೆ ಗುತ್ತಿಗೆದಾರರೂ ಹಿಂಡಿ ಕೇಳಿಕೊಂಡು ಬರತೊಡಗಿದರು. ಮೀನಿಗೂ ಹಿಂಡಿ ಹಾಕುವ ಕಾಲ ಬಂತೇ ಎಂದು ಅಪ್ಪ ಬೆರಗಾಗಿದ್ದರು.

ಅವರ ಬೆರಗಿಗೆ ಕಾರಣವಿತ್ತು. ನಮ್ಮ ಸೀಮೆಯ ಕೆರೆ ಮೀನಿಗೆ ಹಿಂದೆ ಯಾರೂ ಮೇವು ಹಾಕಿದವರಲ್ಲ. ಹಳ್ಳದ ಹೊಸ ನೀರಿನೊಂದಿಗೆ ಬಂದ ಗೆಂಡೆ, ಕೊರವ ಮೀನುಗಳು ಕೆರೆಯಲ್ಲಿ ಸಿಕ್ಕಿದ್ದನ್ನು ತಿಂದು ಬೆಳೆಯುತ್ತಿದ್ದವು. ಬೇಸಿಗೆಯಲ್ಲಿ ನೀರು ಇಂಗಿದಾಗ ಊರು ಕೆರೆಗಿಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಮೀನೂ ಇಲ್ಲ. ಕೂಡ್ಲಿಗಿ ಕಡೆ ಅಂಥ ವರ್ಷಗಳೇ ಹೆಚ್ಚು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎಷ್ಟೋ ಹೊಲಗಳು ಹಿನ್ನೀರಿನಡಿ ಸೇರಿ, ಬೆಸ್ತರಿಗೆ ಹೊಸ ಕಸುಬು ಹುಟ್ಟಿತು. ಕಾಲುವೆ ನೀರಿನಿಂದ ಕಂಪ್ಲಿ, ಸಿರುಗುಪ್ಪದಲ್ಲಿ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಬಂದವು, ತೌಡು ಸಿಗತೊಡಗಿತು. ಇನ್ನು ಕೆರೆಗೆ ಬಿಡಲು ಮೀನುಮರಿ ಬೇಕಿತ್ತು, ಅದರ ದಾರಿ ತೆರೆದದ್ದು ಒಡಿಶಾದಲ್ಲಿ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದರು. 1971ರಿಂದ ದೇಶದಾದ್ಯಂತ ಮಿಶ್ರ ಮೀನು ಸಾಕಣೆಯ ಪ್ರಯೋಗ ನಡೆಯಿತು. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದೇ ಕೆರೆಯಲ್ಲಿ ಅಷ್ಟು ಬಾಯಿ ಸೇರಿದ ಮೇಲೆ ಕೆರೆಯ ಪಾಚಿ, ಹುಳು ಸಾಲುವುದಿಲ್ಲ. ಆಗ ಬಂದದ್ದೇ ಸಮ ಪಾಲು ಶೇಂಗಾ ಹಿಂಡಿ, ಸಮ ಪಾಲು ತೌಡು. ಹಿಂಡಿ ನಮ್ಮ ಒಣಭೂಮಿಯದು, ತೌಡು ಕಾಲುವೆ ಸೀಮೆಯದು.

ಕೆಲಸ ನೋಡಲು ಸರಳ. ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ತೌಡು ಬೆರೆಸಿ, ಕೈಯಲ್ಲಿ ಒತ್ತಿ ಉಂಡೆ ಕಟ್ಟುತ್ತಾರೆ. ಉಂಡೆ ಇಟ್ಟ ಪುಟ್ಟಿಯನ್ನು ಹಗ್ಗದಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಇಳಿಬಿಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮೇಲೆಳೆದಾಗ ಮೇವು ಉಳಿದಿದ್ದರೆ ಮರುದಿನ ಕಡಿಮೆ. ಉಳಿದದ್ದು ಕೊಳೆತರೆ ನೀರಿನ ಆಮ್ಲಜನಕ ತಿನ್ನುತ್ತದೆ, ಮೋಡ ಕವಿದ ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ.

ಹಿಂಡಿಯಲ್ಲಿ ಪ್ರೋಟೀನ್ ಶೇ. 40ರ ಮೇಲಿದೆ, ಗಾಣದ ಹಿಂಡಿಯಲ್ಲಿ ಎಣ್ಣೆಯೂ ಉಳಿದಿರುತ್ತದೆ. ಆದರೆ ಲೈಸಿನ್, ಮೆಥಿಯೋನಿನ್ ಕಡಿಮೆ. ತೌಡಿನ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿರುವುದರಿಂದ ಜಠರವೇ ಇಲ್ಲದ ಗೆಂಡೆ ಮೀನಿಗೆ ದಕ್ಕುವುದು ಅಷ್ಟಕ್ಕಷ್ಟೆ. ಈ ಕೊರತೆ ತುಂಬುವ ದಾರಿ ಹುಡುಕಿದವರು 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು. ಎಂ.ಸಿ. ನಂದೀಶ, ಪಿ. ಕೇಶವನಾಥ, ಟಿ.ಜೆ. ವರ್ಗೀಸ್ ಮತ್ತು ಸಂಗಡಿಗರು ದುಬಾರಿ ಮೀನುಪುಡಿಯ ಬದಲು ರೇಷ್ಮೆ ಕೋಶದ ಹುಳು, ಸ್ಪಿರುಲಿನಾ ಪಾಚಿ ಹಾಕಿ ನೋಡಿದರು. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮೀನುಪುಡಿಯನ್ನು ಪೂರ್ತಿ ತೆಗೆದು ಸ್ಪಿರುಲಿನಾ ಕೊಟ್ಟರೂ ಸಾಮಾನ್ಯ ಗೆಂಡೆಯ ಬೆಳವಣಿಗೆ ಕುಂದಲಿಲ್ಲ. ರೇಷ್ಮೆ ನಾಡಿನಲ್ಲಿ ಬಿಸಾಡುವ ಹುಳು ಮೀನಿನ ಮೈಗೂಡಬಹುದೆಂದು ತೋರಿಸಿದ್ದು ನನ್ನ ಮಟ್ಟಿಗೆ ದೊಡ್ಡ ಕೆಲಸ. ಅದು ನಮ್ಮ ಹಳ್ಳಿಗಳಿಗೆ ತಲುಪಬೇಕಾದಷ್ಟು ತಲುಪಲಿಲ್ಲ.

ಈಗ ಶೇಂಗಾ ಹೊಲಗಳಿಗೆ ಮೆಕ್ಕೆಜೋಳ ನುಗ್ಗಿದೆ, ಗಾಣ ನಿಂತಿದೆ. 2014ರ ಕೃಷಿ ಭಾಗ್ಯ ಯೋಜನೆಯಿಂದ ಹೊಲಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳು ಬಂದವು, ಕೆಲವರು ಅದರಲ್ಲೇ ಮೀನು ಬಿಡುತ್ತಾರೆ. ಹಾಳೆಯ ಮೇಲೆ ಕೆಸರಿಲ್ಲ. ಕೆಸರಿಲ್ಲದಿದ್ದರೆ ಮೃಗಾಲ್ ಕೆದಕಿ ತಿನ್ನುವ ಹುಳುವೂ ಇಲ್ಲ. ಕೆರೆ ಪುಕ್ಕಟೆ ಕೊಡುತ್ತಿದ್ದ ಜೀವಸತ್ವ, ಖನಿಜಗಳ ಬಹುಪಾಲನ್ನು ಇಲ್ಲಿ ಮೇವಿನಲ್ಲೇ ಕೊಡಬೇಕು. ಅಲ್ಲಿ ಬರೀ ಹಿಂಡಿ-ತೌಡು ಸಾಲದು, ಖನಿಜ ಮಿಶ್ರಣ ಬೇಕೇ ಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ತಿಂದದ್ದು ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದು ಹಾಗೆ. ಅದು ಮೀನಿನ ಯಕೃತ್ತನ್ನೂ ಕೆಡಿಸುತ್ತದೆ, ಬೆಳವಣಿಗೆಯನ್ನು ತಡೆಯುತ್ತದೆ, ಬಿಸಿಲಿಗೆ ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ಗೋದಾಮಿನ ಮೂಲೆಯಲ್ಲಿ ಹಸಿರು ಬೂಷ್ಟು ಕಟ್ಟಿದ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ದಯವಿಟ್ಟು ಹೊಂಡಕ್ಕೆ ಸುರಿಯಬೇಡಿ. ಎಮ್ಮೆಗೂ ಹಾಕಬೇಡಿ, ಆ ವಿಷ ಹಾಲಿಗೂ ಇಳಿಯುತ್ತದೆ.