ಅಂಗಡಿ ಬಾಗಿಲು ಹಾಕಿದ ಮೇಲೆ ಎರಡು ನಿಮಿಷ: ಹಲ್ಲು ಉಳಿಯಬೇಕಂದ್ರೆ ರಾತ್ರಿ ಬ್ರಷ್ ತಪ್ಪಿಸಬೇಡಿ

ತುಮಕೂರು: ಹಲ್ಲುಜ್ಜದೆ ಕಾಫಿ ಮುಟ್ಟಬಾರದು ಅನ್ನೋ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಆದ್ರೆ ರಾತ್ರಿ ಊಟ ಆದ್ಮೇಲೆ ಬ್ರಷ್ ಹಿಡಿಯೋರು ಎಷ್ಟು ಮಂದಿ? ಒಂಬತ್ತು ಗಂಟೆಗೆ ಅಂಗಡಿ ಷಟರ್ ಎಳೆದು, ಮನೆಗೆ ಹೋಗಿ ಊಟ ಮಾಡಿ ಹಾಗೇ ಮಲಗೋರೇ ಹೆಚ್ಚು. ಹಲ್ಲು ಹುಳುಕಾಗೋಕೆ ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿಲ್ಲ.

ರಾತ್ರಿಯೇ ಯಾಕೆ ಮುಖ್ಯ?

ಬಾಯಲ್ಲಿರೋ ಜೊಲ್ಲು ಹಲ್ಲಿನ ಕಾವಲುಗಾರ ಇದ್ದಂಗೆ. ಆಮ್ಲವನ್ನು ತೊಳೆಯುತ್ತೆ, ಕರಗಿದ ಖನಿಜವನ್ನು ವಾಪಸ್ ತುಂಬುತ್ತೆ. ನಿದ್ದೆಯಲ್ಲಿ ಜೊಲ್ಲು ಸುರಿಯೋದು ತೀರಾ ಕಡಿಮೆ. ಹಲ್ಲಿನ ಸಂದಿಯಲ್ಲಿ ಅನ್ನ, ಬಾಳೆಹಣ್ಣು, ಸಿಹಿ ಉಳಿದಿದ್ರೆ ಬ್ಯಾಕ್ಟೀರಿಯಾಗಳಿಗೆ ಬೆಳಗಿನವರೆಗೂ ಹಬ್ಬ.

ಹಗಲಿನ ಟೀ ಲೆಕ್ಕವನ್ನೂ ಹಾಕಿ. ಸಕ್ಕರೆ ಹಾಕಿದ ಟೀ ಕುಡಿದ ಕೆಲವೇ ನಿಮಿಷದಲ್ಲಿ ಬಾಯಲ್ಲಿ ಆಮ್ಲ ಏರುತ್ತದೆ. ಎನಾಮಲ್ ಅನ್ನೋ ಗಟ್ಟಿ ಹೊರಪದರ ಕರಗೋಕೆ ಶುರುವಾಗುತ್ತೆ. ಮತ್ತೆ ಮಾಮೂಲಿಗೆ ಬರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಲ್ಲಾದಲ್ಲಿ ಕೂತು ದಿನಕ್ಕೆ ಆರು ಟೀ ಕುಡಿದ್ರೆ ಮೂರರಿಂದ ಆರು ಗಂಟೆ ಹಲ್ಲು ಆಮ್ಲದಲ್ಲೇ ನೆನೆದಂಗಾಯ್ತು. ಟೀ ಬಿಡಿ ಅಂತಲ್ಲ. ಒಂದೇ ಲೋಟವನ್ನು ಗಂಟೆಗಟ್ಟಲೆ ಗುಟುಕರಿಸಬೇಡಿ. ಕುಡಿದಾದ್ಮೇಲೆ ಒಂದು ಗುಟುಕು ಸಾದಾ ನೀರು ಬಾಯಲ್ಲಿ ಆಡಿಸಿ ನುಂಗಿ.

ದಿನದ ಕ್ರಮ ಹೀಗಿರಲಿ

1. ಬೆಳಗ್ಗೆ, ಟೀ–ಕಾಫಿಗೆ ಮುಂಚೆ: ಎರಡು ನಿಮಿಷ. ಮೆತ್ತನೆ ಬ್ರಷ್ ಅನ್ನು ಹಲ್ಲು–ವಸಡು ಸೇರೋ ಜಾಗಕ್ಕೆ ಓರೆಯಾಗಿ ಹಿಡಿದು ಸಣ್ಣಗೆ ಆಡಿಸಿ. ಪಾತ್ರೆ ಉಜ್ಜಿದಂಗೆ ಜೋರಾಗಿ ತಿಕ್ಕಿದ್ರೆ ಎನಾಮಲ್ ಸವೆದು, ವಸಡು ಕೆಳಗಿಳಿದು, ತಣ್ಣೀರು ಕುಡಿದ್ರೂ ಜುಮ್ ಅನ್ನುತ್ತೆ.

2. ಊಟ ಆದ್ಮೇಲೆ: ಬಾಯಿ ಮುಕ್ಕಳಿಸಿ. ಸಂದಿಯಲ್ಲಿ ಸಿಕ್ಕಿಕೊಂಡಿದ್ದನ್ನು ಪಿನ್ನು, ಬೆಂಕಿಕಡ್ಡಿಯಿಂದ ಕೆದಕಬೇಡಿ, ವಸಡಿಗೆ ಗಾಯ ಆಗುತ್ತೆ. ಮೆಡಿಕಲ್ ಶಾಪ್‌ನಲ್ಲಿ ಫ್ಲಾಸ್ ದಾರ ಸಿಗುತ್ತೆ.

3. ರಾತ್ರಿ, ಮಲಗೋ ಮುಂಚೆ: ಮತ್ತೆ ಎರಡು ನಿಮಿಷ. ಹಿಂದಿನ ದವಡೆ ಹಲ್ಲು, ನಾಲಿಗೆ ಕಡೆಯ ಒಳಭಾಗ ಬಿಡಬೇಡಿ. ನೊರೆ ಉಗಿಯಿರಿ, ಆದ್ರೆ ನೀರು ಹಾಕಿ ಪೂರ್ತಿ ಮುಕ್ಕಳಿಸಬೇಡಿ. ಪೇಸ್ಟ್‌ನ ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲಿದ್ರೇನೇ ಕೆಲಸ ಮಾಡೋದು. ಆಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಎಳೆ ಬಾಗಿದ್ರೆ ಅದಕ್ಕೂ ಮುಂಚೆನೇ.

ಪೇಸ್ಟ್, ಪುಡಿ, ಬೇವಿನಕಡ್ಡಿ

ಪೇಸ್ಟ್ ಕೊಳ್ಳುವಾಗ ಬೆಲೆಗಿಂತ ಮೊದಲು ಡಬ್ಬಿ ಹಿಂದೆ ಫ್ಲೋರೈಡ್ ಇದೆಯಾ ನೋಡಿ. ಸುಮಾರು 1000 ಪಿಪಿಎಂ ಅಂತ ಇದ್ರೆ ದೊಡ್ಡವರಿಗೆ ಸರಿ. ಗಿಡಮೂಲಿಕೆ ಪೇಸ್ಟ್ ಹಲವದರಲ್ಲಿ ಫ್ಲೋರೈಡ್ ಇರೋದೇ ಇಲ್ಲ. ಬೇವಿನಕಡ್ಡಿ ಹಲ್ಲಿನ ಮೇಲಿನ ಕೊಳೆ ತೆಗೆಯುತ್ತೆ, ಆದ್ರೆ ಒಳಭಾಗಕ್ಕೆ ತಲುಪೋದು ಕಷ್ಟ. ಬೆಳಗ್ಗೆ ಕಡ್ಡಿ ಅಭ್ಯಾಸ ಇರೋರು ರಾತ್ರಿನಾದ್ರೂ ಪೇಸ್ಟ್ ಬಳಸಿ. ಇಟ್ಟಿಗೆ ಪುಡಿ, ಇದ್ದಿಲು, ಕಲ್ಲುಪ್ಪು ಹಲ್ಲನ್ನು ಸವೆಸುತ್ತವೆ.

ಅಂಗಡಿಯವರು ಗಮನಿಸಿ: ಹಲ್ಲುಪುಡಿ, ಪೇಸ್ಟ್‌ನಲ್ಲಿ ತಂಬಾಕು ಸೇರಿಸೋದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಹೆಸರು, ವಿಳಾಸ, ಪದಾರ್ಥದ ಪಟ್ಟಿ ಇಲ್ಲದ ಪುಡಿ ಪೊಟ್ಟಣ ಇಟ್ಟುಕೊಳ್ಳಬೇಡಿ.

ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ

ಈ ಭಾಗದ ಹಲವು ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್ ಕುಡಿಯೋ ನೀರಲ್ಲಿ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ರೆ 1.5ರವರೆಗೆ ನಡೆಯುತ್ತೆ. ಹಲ್ಲು ದವಡೆಯೊಳಗೆ ಬೆಳೆಯುವಾಗ, ಅಂದ್ರೆ ಸುಮಾರು ಎಂಟು ವರ್ಷದೊಳಗೆ, ಇದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದ್ರೆ ಹಲ್ಲಲ್ಲಿ ಬಿಳಿ ಮಚ್ಚೆ, ಕಂದು ಕಲೆ ಬೀಳುತ್ತೆ. ಎಷ್ಟು ಉಜ್ಜಿದ್ರೂ ಅದು ಹೋಗಲ್ಲ.

ನೀರು ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಮಕ್ಕಳಿಗೆ ಕುಡಿಯೋಕಷ್ಟೇ ಅಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರು ಬಳಸಿ. ಹಾಗಂತ ಪೇಸ್ಟ್ ಬಿಡಬೇಕಿಲ್ಲ. ತೊಂದರೆ ಆಗೋದು ನುಂಗಿದ್ದರಿಂದ, ಉಜ್ಜಿ ಉಗಿದಿದ್ದರಿಂದ ಅಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರಕ್ಕೆ ಬಟಾಣಿಯಷ್ಟು ಪೇಸ್ಟ್ ಸಾಕು. ಕಲೆ ಈಗಾಗಲೇ ಕಾಣ್ತಿದ್ರೆ ಯಾವ ಪೇಸ್ಟ್ ಅಂತ ದಂತ ವೈದ್ಯರನ್ನೇ ಕೇಳಿ. ಏಳೆಂಟು ವರ್ಷದವರೆಗೆ ದೊಡ್ಡವರೇ ನಿಂತು ಉಜ್ಜಿಸಿ.

ಇನ್ನೊಂದು ಮಾತು. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಹೊಸ ದವಡೆ ಹಲ್ಲು ಬರುತ್ತೆ. ಹಾಲುಹಲ್ಲು, ಬಿದ್ದು ಹೋಗುತ್ತೆ ಬಿಡು ಅಂತ ಎಷ್ಟೋ ತಂದೆತಾಯಿ ಸುಮ್ಮನಾಗ್ತಾರೆ. ಅದು ಶಾಶ್ವತ ಹಲ್ಲು. ಹೋದ್ರೆ ಮತ್ತೆ ಬರಲ್ಲ.

ಅಡಿಕೆ ವಿಚಾರ

ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಅಡಿಕೆ ನಂಬಿ ಬದುಕೋ ತಾಲ್ಲೂಕುಗಳು. ಆದ್ರೂ ಹೇಳಲೇಬೇಕು. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ತಂಬಾಕು, ಕಡ್ಡಿಪುಡಿ ಸೇರಿದ್ರೆ ಅಪಾಯ ಇನ್ನೂ ಹೆಚ್ಚು. ದಿನವಿಡೀ ಅಗಿಯೋರಿಗೆ ಕೆನ್ನೆಯ ಒಳಗೆ ಗಟ್ಟಿಯಾಗಿ, ಬಾಯಿ ತೆರೆಯೋದೇ ಕಷ್ಟ ಆಗಬಹುದು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ರೆ ತಡ ಮಾಡಬೇಡಿ, ತೋರಿಸಿ.

ಯಾವಾಗ ಡಾಕ್ಟರ ಹತ್ರ ಹೋಗಬೇಕು?

• ಬಾಯಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರವಾದ್ರೂ ಹೋಗದಿದ್ರೆ.
• ವಸಡಲ್ಲಿ ರಕ್ತ ಬಂದ್ರೆ ಉಜ್ಜೋದು ನಿಲ್ಲಿಸಬೇಡಿ. ಕೊಳೆ ಕೂತಿರೋದೇ ಬಹುತೇಕ ಕಾರಣ. ಎರಡು ವಾರ ಮೃದುವಾಗಿ ಉಜ್ಜಿ, ನಿಲ್ಲದಿದ್ರೆ ತೋರಿಸಿ.
• ಸಕ್ಕರೆ ಕಾಯಿಲೆ ಇದ್ದು ವಸಡು ಊದಿದ್ರೆ ಅಥವಾ ಹಲ್ಲು ಅಲ್ಲಾಡಿದ್ರೆ. ವಸಡಿನ ಸೋಂಕು ಶುಗರ್ ಏರಿಸುತ್ತೆ, ಶುಗರ್ ಸೋಂಕನ್ನು ಹೆಚ್ಚಿಸುತ್ತೆ.
• ಮುಖ ಊದಿ ಜ್ವರ ಬಂದ್ರೆ ಅವತ್ತೇ ಹೋಗಿ. ನೋಯೋ ಹಲ್ಲಿಗೆ ಹೊಗೆಸೊಪ್ಪು, ಮಾತ್ರೆ ಪುಡಿ ಒತ್ತಬೇಡಿ, ವಸಡು ಸುಡುತ್ತೆ.

ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಿ. ಹಲ್ಲು ಪೂರ್ತಿ ಹೋಗಿರೋ ಬಿಪಿಎಲ್ ಕಾರ್ಡಿನ ಹಿರಿಯರು ದಂತಭಾಗ್ಯ ಯೋಜನೆಯ ಹಲ್ಲುಸೆಟ್ ಬಗ್ಗೆ ಅಲ್ಲೇ ವಿಚಾರಿಸಬಹುದು.

ಹುಳುಕು ಚಿಕ್ಕದಿದ್ದಾಗ ಸಿಮೆಂಟ್ ತುಂಬಿ ಮುಗಿಸಬಹುದು. ನರಕ್ಕೆ ಇಳಿದ್ರೆ ರೂಟ್ ಕೆನಾಲ್, ಕ್ಯಾಪ್ ಅಂತ ಸಾವಿರಗಟ್ಟಲೆ ಖರ್ಚು, ಅಂಗಡಿ ಮುಚ್ಚಿ ಓಡಾಡೋ ದಿನಗಳು ಬೇರೆ. ಇವತ್ತು ರಾತ್ರಿಯ ಎರಡು ನಿಮಿಷಕ್ಕೆ ಬೇಕಾಗಿರೋದು ಒಂದು ಬ್ರಷ್, ಒಂದು ಪೇಸ್ಟ್ ಅಷ್ಟೇ.