ರಾಕ್ ವಾದ್ಯತಂಡದ ಧ್ವನಿಮುದ್ರಣ

ರಾಕ್ ವಾದ್ಯತಂಡದ ಧ್ವನಿಮುದ್ರಣ ಎಂಬುದು ವಿದ್ಯುತ್ ಗಿಟಾರ್, ಬಾಸ್ ಗಿಟಾರ್, ಡ್ರಮ್ ಹಾಗೂ ಗಾಯನವನ್ನು ಒಳಗೊಂಡ ತಂಡದ ಸಂಗೀತವನ್ನು ಮೈಕ್ರೋಫೋನುಗಳ ಮೂಲಕ ಸೆರೆಹಿಡಿದು ಹದಗೊಳಿಸುವ ಕಲೆಯಾಗಿದೆ. ವೀಣೆ, ಕೊಳಲುಗಳಲ್ಲಿ ನಾದವು ವಾದ್ಯದ ಒಡಲಿನಿಂದಲೇ ಹೊಮ್ಮುತ್ತದೆ. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವು ವಿದ್ಯುತ್ ಸಂಕೇತವಾಗಿ ಆಂಪ್ಲಿಫೈಯರನ್ನು ಸೇರಿ, ಅಲ್ಲಿ ಮಾರ್ಪಟ್ಟು, ಸ್ಪೀಕರಿನಿಂದ ಹೊರಬಂದ ಮೇಲಷ್ಟೇ ಕೇಳತಕ್ಕ ನಾದವಾಗುತ್ತದೆ. ಆದುದರಿಂದ ಆಂಪ್ಲಿಫೈಯರನ್ನು ವಾದ್ಯದ ಅರ್ಧಭಾಗವೆಂದೇ ತಿಳಿಯಬೇಕು.

ಆಂಪ್ಲಿಫೈಯರ್

ಆಂಪ್ಲಿಫೈಯರಿಗೆ ಅದರ ಶಕ್ತಿಗೆ ಮೀರಿದ ಸಂಕೇತವನ್ನು ಕೊಟ್ಟರೆ ಅಲೆಗಳ ನೆತ್ತಿ ಚಪ್ಪಟೆಯಾಗಿ, ಮೂಲ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಇಂಜಿನಿಯರುಗಳ ಪಾಲಿಗೆ ದೋಷವಾಗಿದ್ದ ಈ ಒರಟುತನವೇ ರಾಕ್ ಸಂಗೀತದ ಗುರುತಾಯಿತು. ಅಮೆರಿಕದ ಲಿಂಕ್ ರೇ 1958ರ ತಮ್ಮ ‘ರಂಬಲ್’ ಎಂಬ ವಾದ್ಯಸಂಗೀತಕ್ಕಾಗಿ ಸ್ಪೀಕರಿನ ಕಾಗದದ ಶಂಕುವಿಗೆ ರಂಧ್ರಗಳನ್ನು ಮಾಡಿದ್ದರು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಇಂತಹುದೇ ಶಂಕುವನ್ನು ಸೀಳಿದರು.

ಸ್ವಂತವಾಗಿ ನಿರ್ಮಿಸಿದ ಆಂಪ್ಲಿಫೈಯರುಗಳಲ್ಲಿ ‘ಡೀಕಿ’ ಎಂಬುದು ಪ್ರಸಿದ್ಧ. ಕ್ವೀನ್ ತಂಡದ ಬಾಸ್ ವಾದಕ ಜಾನ್ ಡೀಕನ್ 1970ರ ದಶಕದ ಆರಂಭದಲ್ಲಿ, ಕಸದಲ್ಲಿ ಸಿಕ್ಕ ರೇಡಿಯೊ ಫಲಕವೊಂದನ್ನು ಪುಟ್ಟ ಸ್ಪೀಕರ್ ಪೆಟ್ಟಿಗೆಯಲ್ಲಿ ಅಳವಡಿಸಿ ಇದನ್ನು ಸಿದ್ಧಪಡಿಸಿದರು. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಈ ಪೆಟ್ಟಿಗೆಯನ್ನು ಗಿಟಾರ್ ವಾದಕ ಬ್ರಿಯಾನ್ ಮೇ ಅನೇಕ ಮುದ್ರಣಗಳಲ್ಲಿ ಬಳಸಿದರು. ಮುದ್ರಣಕ್ಕೆ ದೊಡ್ಡ ಸದ್ದು ಬೇಕಿಲ್ಲ, ತಕ್ಕ ಸದ್ದು ಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಬಹುತೇಕ ವಾದಕರು ವಾಲ್ವ್ ಆಂಪ್ಲಿಫೈಯರುಗಳನ್ನೇ ಮೆಚ್ಚುತ್ತಾರೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಒಂದು ಕಾಲಕ್ಕೆ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಬಳಿಕ ಮನೆಯ ರೇಡಿಯೊಗಳಿಂದ ಮರೆಯಾದ ವಾಲ್ವು ಗಿಟಾರ್ ಆಂಪ್ಲಿಫೈಯರುಗಳಲ್ಲಿ ಇಂದಿಗೂ ಉಳಿದಿದೆ. ಇವುಗಳ ಒಳಗೆ ನೂರಾರು ವೋಲ್ಟುಗಳ ವಿದ್ಯುತ್ ಇರುತ್ತದೆ; ಗುಂಡಿ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದಾದ್ದರಿಂದ ಅರಿವಿಲ್ಲದವರು ಪೆಟ್ಟಿಗೆಯನ್ನು ಬಿಚ್ಚಬಾರದು.

ಮೈಕ್ರೋಫೋನಿನ ಸ್ಥಾನ

ಗಿಟಾರ್ ಸ್ಪೀಕರಿನ ಮುಂದೆ ಸಾಮಾನ್ಯವಾಗಿ ಡೈನಮಿಕ್ ಮೈಕ್ರೋಫೋನನ್ನು ಇಡಲಾಗುತ್ತದೆ. ಶೂರ್ ಸಂಸ್ಥೆಯು 1965ರಲ್ಲಿ ಹೊರತಂದ ಎಸ್‌ಎಂ57 ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಶಂಕುವಿನ ನಡುವಿಗೆ ಎದುರಾಗಿ ಇಟ್ಟರೆ ಸದ್ದು ಚೂಪಾಗಿಯೂ ಅಂಚಿನತ್ತ ಸರಿಸಿದಂತೆ ಮೃದುವಾಗಿಯೂ ಕೇಳುತ್ತದೆ. ಎರಡು ಬೆರಳಿನಷ್ಟು ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ದೂರ ಇಟ್ಟಷ್ಟೂ ಕೋಣೆಯ ಅನುರಣನ ಸೇರಿಕೊಳ್ಳುತ್ತದೆ.

ಡ್ರಮ್ಮಿನ ಮುದ್ರಣದಲ್ಲಿ ಕೋಣೆಯ ಪಾತ್ರ ಇನ್ನೂ ಹಿರಿದು. 1966ರಲ್ಲಿ ಬೀಟಲ್ಸ್ ತಂಡದ ಧ್ವನಿ ಇಂಜಿನಿಯರ್ ಜೆಫ್ ಎಮೆರಿಕ್, ಬಾಸ್ ಡ್ರಮ್ಮಿನೊಳಗೆ ಉಣ್ಣೆಯ ಅಂಗಿಯನ್ನು ತುಂಬಿ ಮೈಕನ್ನು ಅದರ ಹತ್ತಿರಕ್ಕೆ ತಂದರು. ಲೆಡ್ ಜೆಪ್ಲಿನ್ ತಂಡದ 1971ರ ಆಲ್ಬಮ್ಮಿಗಾಗಿ ಆಂಡಿ ಜಾನ್ಸ್ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಮೆಟ್ಟಿಲುಗಳ ಕೆಳಗೆ ಡ್ರಮ್ಮನ್ನಿರಿಸಿ, ಮೇಲಿನಿಂದ ಎರಡು ಮೈಕುಗಳಲ್ಲಿ ಅದನ್ನು ಮುದ್ರಿಸಿದರು.

ಮೈಕುಗಳ ಸಂಖ್ಯೆ ಹೆಚ್ಚಿದಷ್ಟೂ ಗುಣಮಟ್ಟ ಹೆಚ್ಚುವುದೆಂಬ ಎಣಿಕೆ ತಪ್ಪು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದೇ ಸದ್ದು ಎರಡು ಮೈಕುಗಳನ್ನು 17 ಸೆಂಟಿಮೀಟರ್ ದೂರದ ಅಂತರದಲ್ಲಿ ತಲುಪಿದರೆ, ಎರಡನ್ನೂ ಸಮನಾಗಿ ಕೂಡಿಸಿದಾಗ 1000 ಹರ್ಟ್ಸ್ ಆಸುಪಾಸಿನ ಭಾಗವು ಪರಸ್ಪರ ಎದುರಾಗಿ ಕ್ಷೀಣಿಸುತ್ತದೆ. ಗ್ಲಿನ್ ಜಾನ್ಸ್ ಅವರ ಹೆಸರಿನ ವಿಧಾನದಲ್ಲಿ, ಡ್ರಮ್ಮಿನ ಮೇಲಿನ ಮತ್ತು ಪಕ್ಕದ ಮೈಕುಗಳನ್ನು ಸ್ನೇರ್ ಡ್ರಮ್ಮಿನಿಂದ ಸಮದೂರದಲ್ಲಿ ಇಡುವುದು ಈ ಕಾರಣದಿಂದಲೇ. ಅದಕ್ಕೊಂದು ದಾರದ ತುಂಡು ಸಾಕು.

ಒಟ್ಟಿಗೆ ನುಡಿಸುವುದು, ಬೇರೆಯಾಗಿ ನುಡಿಸುವುದು

ತಂಡದವರೆಲ್ಲ ಒಂದೇ ಕೋಣೆಯಲ್ಲಿ ನುಡಿಸಿದರೆ ಲಯದ ಹೊಂದಾಣಿಕೆ ಚೆನ್ನಾಗಿರುತ್ತದೆ, ಆದರೆ ಡ್ರಮ್ಮಿನ ಸದ್ದು ಗಾಯಕನ ಮೈಕಿನೊಳಗೂ ನುಸುಳುತ್ತದೆ. ಹಾಗೆ ಬೆರೆತದ್ದನ್ನು ಮುಂದೆ ಪೂರ್ಣವಾಗಿ ಬೇರ್ಪಡಿಸಲಾಗದು. ಒಬ್ಬನ ತಪ್ಪು ಎಲ್ಲರ ಮುದ್ರಣದಲ್ಲಿಯೂ ನಿಲ್ಲುತ್ತದೆ. ಬಹುಪಥ ಮುದ್ರಣ ಬಂದ ಮೇಲೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ನುಡಿಸುವುದು ಸಾಧ್ಯವಾಯಿತು. ತಪ್ಪು ತಿದ್ದಲು ಇದು ಅನುಕೂಲವಾದರೂ, ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡಿ ನುಡಿಸುವ ಕಸುವು ಅದರಲ್ಲಿ ಸುಲಭವಾಗಿ ಬರುವುದಿಲ್ಲ. ಆಂಪ್ಲಿಫೈಯರನ್ನು ಮಾತ್ರ ಪಕ್ಕದ ಕೋಣೆಯಲ್ಲಿರಿಸಿ, ವಾದಕರು ಒಟ್ಟಿಗೆ ಕುಳಿತು ಹೆಡ್‌ಫೋನಿನಲ್ಲಿ ಆಲಿಸುತ್ತ ನುಡಿಸುವುದು ನಡುವಿನ ದಾರಿ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ರಾಕ್ ಸಂಗೀತದ ಮುಖ್ಯ ನೆಲೆ ಬೆಂಗಳೂರು. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಇಲ್ಲಿಯ ತಂಡ. ಜಾನಪದ ಮತ್ತು ರಾಕ್ ಬೆರೆಸಿದ ಸ್ವರಾತ್ಮ ತಂಡದ ಮೊದಲ ಆಲ್ಬಮ್ 2009ರಲ್ಲಿ ಹೊರಬಂದಿತು. ಇಂತಹ ತಂಡಗಳಲ್ಲಿ ಪಿಟೀಲಿನಂತಹ ಮೃದುನಾದದ ವಾದ್ಯ ಡ್ರಮ್ಮಿನ ಪಕ್ಕದಲ್ಲೇ ಇರುವುದರಿಂದ ಮುದ್ರಣದ ತೊಡಕು ಇಮ್ಮಡಿಯಾಗುತ್ತದೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ವಪದಗಳನ್ನು ಹಾಡಿದ್ದಾರೆ. ತತ್ವಪದದಲ್ಲಿ ಮಾತೇ ಪ್ರಾಣ. ಕನ್ನಡದ ಒತ್ತಕ್ಷರ, ಮಹಾಪ್ರಾಣಗಳ ಸ್ಪಷ್ಟತೆಗೆ ಬೇಕಾದ 2000ರಿಂದ 4000 ಹರ್ಟ್ಸಿನ ವ್ಯಾಪ್ತಿಯಲ್ಲಿಯೇ ಒರಟು ಗಿಟಾರಿನ ಸದ್ದೂ ದಟ್ಟವಾಗಿರುತ್ತದೆ. ಆ ವ್ಯಾಪ್ತಿಯಲ್ಲಿ ಗಿಟಾರನ್ನು ತುಸು ತಗ್ಗಿಸದಿದ್ದರೆ ಕೇಳುಗನಿಗೆ ರಾಗ ದಕ್ಕುತ್ತದೆ, ಪದ ದಕ್ಕುವುದಿಲ್ಲ.

ಕಂಪ್ಯೂಟರಿನಿಂದಾಗಿ ಸಣ್ಣ ಊರುಗಳಲ್ಲಿಯೂ ಮನೆಯಲ್ಲೇ ಮುದ್ರಿಸುವುದು ಸಾಧ್ಯವಾಗಿದೆ. ಕೊಡಗಿನ ಶನಿವಾರಸಂತೆಯಂತಹ ಮಲೆನಾಡಿನ ಊರುಗಳಲ್ಲಿ ಇದಕ್ಕೆ ದೊಡ್ಡ ಅಡ್ಡಿ ಮಳೆ. ತಗಡಿನ ಮಾಡಿನ ಕೆಳಗೆ ಜೋರುಮಳೆಯಲ್ಲಿ ಗಾಯನವನ್ನು ಮುದ್ರಿಸಲಾಗದು. ಸ್ಪೀಕರಿಗೆ ಅಂಟಿಕೊಂಡಂತೆ ಇಟ್ಟ ಮೈಕಿನಲ್ಲಿ ಗಿಟಾರನ್ನು ಹೇಗೋ ಮುದ್ರಿಸಬಹುದು. ವೋಲ್ಟೇಜಿನ ಏರಿಳಿತದಿಂದ ವಾಲ್ವ್ ಆಂಪ್ಲಿಫೈಯರಿನ ನಾದವೂ ಬದಲಾಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ 50 ಹರ್ಟ್ಸಿನ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರಿಗೆ ವಿದ್ಯುತ್ ಮಾರ್ಗದ ಏರಿಳಿತದ ಬಾಧೆ ಇರುವುದಿಲ್ಲ.